ಎದುರು ಫ್ಲ್ಯಾಟಿನ ಅಡುಗೆಮನೆ

ಕುವೈತಿನ ಸಾಲ್ಮಿಯಾದ ನಮ್ಮ ಕಟ್ಟಡದಲ್ಲಿ ಎದುರು ಫ್ಲ್ಯಾಟಿನವರು ಅಮೆರಿಕದ ಟೀಚರ್. ಕಪ್ಪು ಜನಾಂಗದವರು, ಅರವತ್ತು ದಾಟಿದವರು. ಮನೆಯಲ್ಲಿದ್ದಾಗಲೂ ಇಸ್ತ್ರಿ ಮಾಡಿದ ಬಟ್ಟೆ, ಕಿವಿಯಲ್ಲಿ ಮುತ್ತು. ಶನಿವಾರ ಬೆಳಿಗ್ಗೆ ಅವರ ಹಾಲ್‌ನಲ್ಲಿ ಹೆಣ್ಣುಮಕ್ಕಳಿಗೆ ಓದಿನ ತರಗತಿ ನಡೆಯುತ್ತಿತ್ತು. ದೂರದ ಖೈತಾನ್‌ನಿಂದಲೂ ತಾಯಂದಿರು ಮಕ್ಕಳನ್ನು ಕರೆತರುತ್ತಿದ್ದರು. ನನ್ನ ಮಗಳೂ ಹೋಗುತ್ತಿದ್ದಳು. ನಾನು ಅವರ ಅಡುಗೆಮನೆಯಲ್ಲಿ ನಿಂತು ಮಕ್ಕಳಿಗೆ ಚಟ್ನಿ ಸ್ಯಾಂಡ್‌ವಿಚ್ ಮಾಡುತ್ತಿದ್ದೆ.

ಅವರಿಗೆ ಸಹಾಯಕ್ಕೆ ಬರುತ್ತಿದ್ದವಳು ಆ ವರ್ಷವಷ್ಟೇ ಕುವೈತಿಗೆ ಬಂದ ಇನ್ನೊಬ್ಬ ಅಮೆರಿಕದ ಟೀಚರ್. ಇಪ್ಪತ್ತರ ಹರೆಯದ ಹುಡುಗಿ. ಹಿರಿಯ ಟೀಚರ್ ಕೂರುವವರೆಗೆ ಅವಳು ಕೂರುತ್ತಿರಲಿಲ್ಲ. ಮೊದಲ ತಟ್ಟೆ ಅವರಿಗೆ, ಲಿಫ್ಟಿನ ಬಾಗಿಲು ಹಿಡಿಯುವುದು ಅವರಿಗೆ, ಮಾತೆತ್ತಿದರೆ "ಯೆಸ್ ಮ್ಯಾಮ್". ಮೊದಲಿಗೆ ನಾನು ಸೊಸೆಯೇನೋ ಅಂದುಕೊಂಡಿದ್ದೆ. ಕೇಳಿದಾಗ ಹಿರಿಯರು ನಕ್ಕರು.

"ಸೊಸೆಯಲ್ಲ ಹನಿ, ತಂಗಿ. ನಮ್ಮದು ಒಂದೇ ಸೊರೊರಿಟಿ."

ಸೊರೊರಿಟಿ ಅಂದರೆ ಕಾಲೇಜಿನಲ್ಲಿ ಹೆಣ್ಣುಮಕ್ಕಳು ಸೇರುವ ಸಹೋದರಿಯರ ಸಂಘ. ಕಪ್ಪು ಹೆಣ್ಣುಮಕ್ಕಳು ತಮ್ಮದೇ ಸಂಘಗಳನ್ನು ಕಟ್ಟಿಕೊಂಡಿದ್ದಾರಂತೆ. ಕಾಲೇಜು ಮುಗಿದರೂ ಸದಸ್ಯತ್ವ ಮುಗಿಯುವುದಿಲ್ಲ. ಊರು ಬೇರೆ, ಕಾಲೇಜು ಬೇರೆ, ವಯಸ್ಸಿನಲ್ಲಿ ಅಜ್ಜಿ ಮೊಮ್ಮಗಳ ಅಂತರ, ಆದರೂ ಅಕ್ಕ ತಂಗಿ. ಎಲ್ಲಿ ಬದುಕುತ್ತಾರೋ ಅಲ್ಲಿನ ಮಕ್ಕಳಿಗೆ ಏನಾದರೂ ಮಾಡಬೇಕು ಎಂಬುದು ಅವರಿಬ್ಬರೂ ಕಲಿತ ಪಾಠ. ಶನಿವಾರದ ತರಗತಿ ಹುಟ್ಟಿದ್ದು ಹಾಗೆ.

ನನ್ನ ಗಂಡ ತಮಾಷೆ ಮಾಡುತ್ತಿದ್ದರು: "ಎಂತ ಮಾರಾಯ್ತಿ, ನಿನ್ನನ್ನೂ ಸಂಘಕ್ಕೆ ಸೇರಿಸಿದ್ರಾ? ಮನೆಯಲ್ಲಿ ನನಗೆ ಒಮ್ಮೆಯಾದರೂ ಯೆಸ್ ಅಂತ ಹೇಳು ನೋಡುವ!"

ಹಿರಿಯ ಟೀಚರಲ್ಲಿ ನನಗೆ ಹಿಡಿಸಿದ್ದ ಒಂದು ಪದ್ಧತಿ ಇತ್ತು. ಹೊಗಳುವುದೆಲ್ಲ ಹಾಲ್‌ನಲ್ಲಿ, ಎಲ್ಲರೆದುರು. ತಿದ್ದುವುದು ಮಾತ್ರ ಅಡುಗೆಮನೆಯಲ್ಲಿ. ಹುಡುಗಿ ತಡವಾಗಿ ಬಂದರೆ, ಯಾವುದೋ ತಾಯಿಯ ಜೊತೆ ಒರಟಾಗಿ ಮಾತಾಡಿದರೆ, ಹಿರಿಯರು ಮೆಲ್ಲಗೆ ಒಳಗೆ ಕರೆಯುತ್ತಿದ್ದರು. ಎರಡೇ ಮಾತು. ಹೊರಗೆ ಬರುವಾಗ ಇಬ್ಬರ ಮುಖದಲ್ಲೂ ಏನೂ ಇರುತ್ತಿರಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಬೈಗುಳ ಅಸೆಂಬ್ಲಿಯಲ್ಲಿ ಸಿಗುತ್ತಿತ್ತು, ಇಡೀ ಶಾಲೆ ಕೇಳುವ ಹಾಗೆ.

ಜೂನ್‌ನಲ್ಲಿ ಹಿರಿಯರು ನಿವೃತ್ತಿಯಾಗಿ ಊರಿಗೆ ಹೊರಡುವವರಿದ್ದರು. ತರಗತಿ ಉಳಿಯಬೇಕಾದರೆ ಹುಡುಗಿ ವಹಿಸಿಕೊಳ್ಳಬೇಕು. ಅವಳು ಒಪ್ಪಿಯೂ ಇದ್ದಳು. ಆದರೂ ಹಿರಿಯರು ಮಕ್ಕಳ ಮುಂದೆ ಒಂದು ಮಾತೂ ಹೇಳಿರಲಿಲ್ಲ. ತಾಯಂದಿರು ಕೇಳಿದರೆ "ನೋಡೋಣ" ಅನ್ನುತ್ತಿದ್ದರು.

ಮೇ ತಿಂಗಳ ಒಂದು ಶನಿವಾರ. ನನ್ನ ಮಗಳ ಸರದಿ. ಆ ತರಗತಿಯಲ್ಲಿ ಎದ್ದು ನಿಂತು, ಗಲ್ಲ ಎತ್ತಿ, ಹಿಂದಿನ ಸಾಲಿಗೂ ಕೇಳುವಂತೆ ಓದಬೇಕು. ಮಗಳಿಗೆ ಮಾತು ತಡೆಯುತ್ತದೆ. ನಾಲ್ಕು ಜನರೆದುರು ಇನ್ನೂ ಜಾಸ್ತಿ. ಅಂದು ಪುಟದ ಮೊದಲ ಸಾಲಿನಲ್ಲೇ ಅವಳ ಮಾತು ನಿಂತುಬಿಟ್ಟಿತು. ಬಾಗಿಲ ಸಂದಿಯಿಂದ ನೋಡಿದೆ. ಅವಳ ಕಾಲ್ಬೆರಳುಗಳು ಕಾರ್ಪೆಟ್ಟನ್ನು ಹಿಡಿದುಕೊಂಡಿದ್ದವು.

"ಇನ್ನೊಮ್ಮೆ, ಬೇಬಿ. ಹೊಟ್ಟೆಯಿಂದ ದನಿ ತೆಗೆ," ಅಂದರು ಹಿರಿಯರು.

ಆಗ ಹುಡುಗಿ ಎದ್ದಳು. "ಮ್ಯಾಮ್, ಒಂದು ನಿಮಿಷ ಅಡುಗೆಮನೆಗೆ ಬರುತ್ತೀರಾ?"

ಆ ಮನೆಯಲ್ಲಿ ಹಾಗೆ ಕರೆಯುವ ಹಕ್ಕು ಯಾರದ್ದು ಎಂದು ನನಗೂ ಗೊತ್ತಿತ್ತು. ಇಬ್ಬರೂ ಒಳಗೆ ಬಂದಾಗ ಹೊರಡಲು ನೋಡಿದೆ.

"ನೀನಿರು," ಅಂದರು ಹಿರಿಯರು. "ಮಗು ನಿನ್ನದು, ಚಟ್ನಿಯೂ ನಿನ್ನದು."

ಹುಡುಗಿಯ ಕುತ್ತಿಗೆ ಬೆವೆತಿತ್ತು. "ಅವಳು ನಿಂತು ಓದುವುದು ಬೇಡ, ಮ್ಯಾಮ್."

"ನಿಂತೇ ಓದಬೇಕು. ಬಾಯಿ ಮುಚ್ಚು ಅಂತಲೇ ಜಗತ್ತು ನಮಗೆ ಹೇಳಿದ್ದು. ನನ್ನ ಸಂಘದ ಅಕ್ಕಂದಿರು ನನ್ನನ್ನು ನಿಲ್ಲಿಸಿ ಓದಿಸಿದರು."

"ನಿಮಗೆ ಅದು ಬೇಕಿತ್ತು. ಇವಳು ಹೋದ ವಾರ ನನ್ನ ಪಕ್ಕ ನೆಲದ ಮೇಲೆ ಕೂತು ಇಡೀ ಪುಟ ಓದಿದ್ದಾಳೆ."

"ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಇಲ್ಲ ಅನ್ನುವುದು ಹೇಗೆ ಅಂತ ಗೊತ್ತಿರಲಿಲ್ಲ, ಮ್ಯಾಮ್."

ಹಿರಿಯರು ಪೇಪರ್ ನ್ಯಾಪ್ಕಿನ್‌ಗಳ ಅಂಚನ್ನು ಒಂದರ ಮೇಲೊಂದು ಸರಿಮಾಡಿದರು.

"ಈ ಒಂದು ‘ಇಲ್ಲ’ಕ್ಕಾಗಿ ಈ ವರ್ಷ ಶಾಲೆ ಶುರುವಾದಾಗಿನಿಂದ ಕಾಯುತ್ತಿದ್ದೇನೆ. ಎಲ್ಲದಕ್ಕೂ ತಲೆಯಾಡಿಸುವವಳ ಕೈಗೆ ಈ ಮಕ್ಕಳನ್ನು ಹೇಗೆ ಕೊಟ್ಟು ಹೋಗಲಿ?" ಮತ್ತೆ ಸೇರಿಸಿದರು: "ಆದರೂ ಹೇಳುತ್ತೇನೆ, ಅವಳು ನಿಲ್ಲುವುದನ್ನು ಕಲಿಯಬೇಕು."

"ಕಲಿಯುತ್ತಾಳೆ, ಮ್ಯಾಮ್. ಇವತ್ತಲ್ಲ."

ಹೊರಗೆ ಬಂದು ಹುಡುಗಿ ಕಾರ್ಪೆಟ್ಟಿನ ಮೇಲೆ ಕೂತಳು. ಮಗಳು ಅವಳಿಗೆ ಒತ್ತಿಕೊಂಡು ಕೂತಳು. ಮಕ್ಕಳೆಲ್ಲ ಹತ್ತಿರ ಸರಿದರು. ಹಿರಿಯರು ಬಾಗಿಲ ಬಳಿ, ನಾವು ತಾಯಂದಿರು ಕೂರುವ ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ನನ್ನ ಪಕ್ಕ ಕೂತರು. ಕಿವಿಗೆ ಕೈ ಅಡ್ಡ ಹಿಡಿದರು.

"ಏನು ಓದುತ್ತಿದ್ದಾಳೆ?"

"ನನಗೂ ಕೇಳಿಸುತ್ತಿಲ್ಲ."

ಮಗಳ ತುಟಿ ಅಲುಗುತ್ತಿದ್ದುದಂತೂ ಕಾಣುತ್ತಿತ್ತು, ನಿಲ್ಲದೆ. ಪುಟದ ಕೊನೆಗೆ ಬಂದಾಗ ಹುಡುಗಿ, ಇದು ಸಾಕೇ, ಮುಂದೆ ಹೋಗಲೇ ಎಂಬಂತೆ ಬಾಗಿಲ ಕಡೆ ನೋಡಿದಳು. ಹಿರಿಯರು ಅಷ್ಟರಲ್ಲೇ ತಲೆ ಬಗ್ಗಿಸಿ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದ್ದರು. ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು, ಅದರಲ್ಲಿ ಒಂದು ಕರವಸ್ತ್ರ ಬಿಟ್ಟು ಬೇರೇನೂ ಇರಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನೇ ಪುಟ ತಿರುಗಿಸಿದಳು.