ಲಂಬರ್ ಮತ್ತು ಲಿಂಬೆ

ಗೆಳೆಯರೇ, ಮೇಷ್ಟ್ರು ಅನ್ನುವ ನನ್ನ ಗತ್ತು ಇವತ್ತು ಕಳಸದ ಜ್ಯೂಸ್ ಅಂಗಡಿಯಲ್ಲಿ ಇಳಿಯಿತು.

ಎಸ್ಟೇಟಿನಲ್ಲಿ ಕೆಲಸ ಮಾಡುವ ಸುಶೀಲಕ್ಕ ಸಿಕ್ಕಿದರು. ಅವರ ಮಗಳು ನನ್ನ ಕ್ಲಾಸಿನವಳು.

"ಮೇಷ್ಟ್ರೇ, ನಿಮ್ಮ ಫೋನ್ ಲಂಬರ್ ಕೊಡಿ."

ಇಪ್ಪತ್ತು ವರ್ಷ ಕನ್ನಡ ಕಲಿಸಿದ ಬಾಯಿ ಸುಮ್ಮನಿದ್ದೀತೇ? "ಲಂಬರ್ ಅಲ್ಲ, ನಂಬರ್!" ಎಂದೆ. ಅಂಗಡಿಗೆ ಬಂದಿದ್ದವರೆಲ್ಲ ನಕ್ಕರು. ಸುಶೀಲಕ್ಕ ಫೋನನ್ನು ಬ್ಯಾಗಿಗೆ ಹಾಕಿಕೊಂಡರು.

ಅದೇ ಗತ್ತಿನಲ್ಲಿ ಅಂಗಡಿಯವರಿಗೆ ಹೇಳಿದೆ: "ಎರಡು ಲಿಂಬೆ ಶರಬತ್ತು ಕೊಡಿ."

"ಲಿಂಬೆ ಅಲ್ಲ ಮೇಷ್ಟ್ರೇ, ನಿಂಬೆ. ಮಗಳ ಪುಸ್ತಕದಲ್ಲಿ ಹಾಗೇ ಉಂಟು," ಎಂದರು ಸುಶೀಲಕ್ಕ.

"ನಮ್ಮ ಕಡೆ ಲಿಂಬೆ ಅಂತಲೇ ಹೇಳೋದು ಮಾರಾಯ್ತಿ."

"ನಮ್ಮ ಕಡೆ ಲಂಬರ್ ಅಂತಲೇ ಹೇಳೋದು."

ಈ ಸಲ ಅಂಗಡಿಯವರೂ ನಕ್ಕರು.

ಸುಶೀಲಕ್ಕ ಹೇಳಿದ್ದು ಸರಿ. ನಂಬರ್, ನಿಂಬೆಗಳಲ್ಲಿ ಸೊನ್ನೆಯನ್ನು ನಾವು ಮ್ ಎಂದೇ ಉಚ್ಚರಿಸುತ್ತೇವೆ; ನ, ಮ ಎರಡೂ ಮೂಗಿನ ಅಕ್ಷರಗಳು. ಒಂದರ ಹಿಂದೊಂದು ಬಂದರೆ ನಾಲಿಗೆ ಕೆಲವೊಮ್ಮೆ ಮೊದಲನೆಯದನ್ನು ಲ ಮಾಡಿಕೊಳ್ಳುತ್ತದೆ. ನಿಂಬೆ ಲಿಂಬೆಯಾದ ದಾರಿಯಲ್ಲೇ ನಂಬರ್ ಲಂಬರ್ ಆಗಿದೆ. ಒಂದಕ್ಕೆ ನಿಘಂಟಿನಲ್ಲಿ ಜಾಗ ಸಿಕ್ಕಿತು, ಇನ್ನೊಂದಕ್ಕೆ ನನ್ನಂಥವರ ನಗು.

ಶರಬತ್ತು ಕುಡಿದು, ಮರ್ಯಾದೆಯಿಂದ ನನ್ನ ಲಂಬರ್ ಕೊಟ್ಟೆ. ಸುಶೀಲಕ್ಕ ಅದನ್ನು ಸೇವ್ ಮಾಡಿಕೊಂಡ ಹೆಸರನ್ನೂ ನೋಡಿದೆ: "ಲಿಂಬೆ ಮೇಷ್ಟ್ರು".