ಪಾದ ಬಿಟ್ಟುಹೋದ ಫೋಟೋ

ಬೆಂಗಳೂರಿನ ಯಶವಂತಪುರಕ್ಕೆ ಬಂದ ಮೇಲೆ ನಾನು ಒಬ್ಬನೇ ಹೋಗಿ ತೆಗೆದ ಮೊದಲ ಫೋಟೋ ಒಂದು ಹೆಣದ್ದು. ಹತ್ತಿರದ ಹಳ್ಳಿ ಅಬ್ಬಿಗೆರೆಯ ಒಕ್ಕಲು ಮನೆಯ ಜಗಲಿಯಲ್ಲಿ ಸತ್ತ ಬಾಣಂತಿಗೆ ಹೊಸ ಸೀರೆ ಉಡಿಸಿ, ಹೂ ಮುಡಿಸಿ, ಕುರ್ಚಿಯ ಮೇಲೆ ಕೂರಿಸಿ ನನಗಾಗಿ ಕಾಯುತ್ತಿದ್ದರು. ಬದುಕಿದ್ದಾಗ ಆಕೆಯ ಒಂದು ಫೋಟೋವನ್ನೂ ತೆಗೆಸಿರಲಿಲ್ಲವಂತೆ. ನಮ್ಮ ಗದಗ ಸೀಮೆಯಲ್ಲಿ ಸತ್ತವರ ಎದುರು ಭಜನೆ ಮಾಡುತ್ತಾರೆ. ಕ್ಯಾಮೆರಾ ಇಟ್ಟದ್ದನ್ನು ನಾನು ಕಂಡಿರಲಿಲ್ಲ.

ರಾಜ್ಯ ಒಂದಾದ ಹೊಸದು. ಎಲ್ಲರೂ ಕನ್ನಡದವರೇ, ಹೆದರುವುದೇನು ಎಂದು ರೈಲು ಹತ್ತಿದವನು ನಾನು. ಬಂದು ನೋಡಿದರೆ ಜೋಳದ ರೊಟ್ಟಿಗೆ ಊರೆಲ್ಲ ಅಲೆಯಬೇಕು, ರಾಗಿ ಮುದ್ದೆ ಗಂಟಲಲ್ಲಿ ಇಳಿಯದು. ಬಾಡಿಗೆಗೆ ಸಿಕ್ಕಿದ್ದು ವಠಾರದ ಒಂದು ಕೋಣೆ. ವಠಾರವೆಂದರೆ ಒಂದೇ ಅಂಗಳ, ಒಂದೇ ನಲ್ಲಿ, ಸುತ್ತಲೂ ಗೂಡಿನಂಥ ಮನೆಗಳು. ಅಷ್ಟು ಜನರಲ್ಲಿ ನನ್ನ ಮಾತಿಗೆ ನಗುವವರಿದ್ದರು, ನನ್ನನ್ನು ಮಾತಾಡಿಸುವವರಿರಲಿಲ್ಲ.

ಮಾತಾಡಿಸಿದವರು ನಾನು ಕೆಲಸಕ್ಕಿದ್ದ ಸ್ಟುಡಿಯೋದ ಮಾಲೀಕ ಶಾಮಣ್ಣನವರೊಬ್ಬರೇ. "ಏನ್ ತಗೀಬೇಕು ಅನ್ನೋದಲ್ಲ ಕಣೋ, ಏನ್ ಬಿಡ್ಬೇಕು ಅನ್ನೋದು ಮುಖ್ಯ. ಬೇಡದ್ದೆಲ್ಲಾ ಆಚೆ ಹಾಕು, ಮುಖ ತುಂಬ್ಕೋ" ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು ಕಾಂಪೊಸಿಷನ್. ನನಗೆ ಅದೇ ವೇದವಾಯಿತು.

ಅಬ್ಬಿಗೆರೆಯಲ್ಲೂ ಅದನ್ನೇ ಮಾಡಿದೆ. ಸತ್ತವಳ ಅತ್ತೆ ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೂಸನ್ನು ಸೊಸೆಯ ಮಡಿಲಲ್ಲಿ ಒತ್ತಿ ಹಿಡಿದಿದ್ದಳು. ಅತ್ತೆ, ಸಾರಿಸಿದ ನೆಲ, ಕುರ್ಚಿಯ ಕಾಲು ಎಲ್ಲವೂ ನನಗೆ ಬೇಡದ್ದಾಗಿ ಕಂಡವು. ಸ್ಟ್ಯಾಂಡನ್ನು ಹತ್ತಿರ ಸರಿಸಿದೆ. ನಿದ್ದೆಹೋದಂತಿದ್ದ ತಾಯಿ, ಕೂಸು, ಇಷ್ಟೇ ಉಳಿದವು. ಶಾಮಣ್ಣ ನೋಡಿ ಬೆನ್ನು ತಟ್ಟಿದರು.

ತಿಥಿಗೆ ಮುಂಚೆ ಅತ್ತೆಯೇ ಸ್ಟುಡಿಯೋಗೆ ಬಂದಳು. ಕಟ್ಟು ಹಾಕಿದ ಫೋಟೋವನ್ನು ಬಹಳ ಹೊತ್ತು ನೋಡಿ ಕೇಳಿದಳು:

"ಕಾಲೆಲ್ಲಪ್ಪ?"

ಮುಖ ಚೆನ್ನಾಗಿ ಬರಲೆಂದು ಬಿಟ್ಟೆ ಎಂದೆ.

"ಮಗೀಗೆ ಬುದ್ಧಿ ಬಂದ್ಮೇಲೆ ಅವ್ವನ ಕಾಲಿಗೆ ಬೀಳ್ಬೇಕಲ್ಲ. ಹೂವ ಎಲ್ಲಿಗೆ ಇಡ್ತದೆ? ಇನ್ನೊಂದು ತಗೀ ಅನ್ನಾಣ ಅಂದ್ರೆ, ಮಣ್ಣು ಮಾಡಾಯ್ತು."

ಬೈಯಲಿಲ್ಲ. ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ವರ್ಷ ಪಂಚಮಿಗೆ ಊರಿಗೆ ಹೋಗುವಾಗ ಶಾಮಣ್ಣನವರ ಡಬ್ಬಿ ಕ್ಯಾಮೆರಾ ಕೇಳಿ ಒಯ್ದೆ. ಅವ್ವನನ್ನು ಅಡಿಯಿಂದ ಮುಡಿಯವರೆಗೆ ಪೂರ್ತಿ ತೆಗೆಯಬೇಕೆಂಬ ಹಟ. ಹೊಸ್ತಿಲ ಹೊರಗೆ ಬಿಸಿಲಿಗೆ ನಿಲ್ಲಿಸಿದೆ.

"ಬ್ಯಾಡೋ ತಮ್ಮಾ, ಫೋಟೋ ತಗದ್ರ ಆಯುಷ್ಯ ಕಡಿಮಿ ಆಗತೈತಿ" ಎಂದವಳೇ, ನಾನು ಗುಂಡಿ ಒತ್ತುವಷ್ಟರಲ್ಲಿ ಒಳಕ್ಕೆ ಸರಿದಳು. ಒಳಗಿನ ಕತ್ತಲೆ ಅವಳನ್ನು ನುಂಗಿತು. ಹೊಸ್ತಿಲ ಮೇಲಿನ ಬಿಸಿಲಿನಲ್ಲಿದ್ದ ಎರಡು ಪಾದಗಳು ಮಾತ್ರ ಫಿಲ್ಮಿನಲ್ಲಿ ಮೂಡಿದವು.

"ಇದ್ರಲ್ಲಿ ಕಾಂಪೊಸಿಷನ್ನೇ ಇಲ್ವಲ್ಲೋ, ಬಿಸಾಕು" ಎಂದರು ಶಾಮಣ್ಣ. ನಾನು ಬಿಸಾಕಲಿಲ್ಲ.

ಚಳಿಗಾಲದಲ್ಲಿ ತಂತಿ ಬಂತು. ರೈಲು ಬದಲಿಸಿ ಊರು ಮುಟ್ಟುವಷ್ಟರಲ್ಲಿ ಅವ್ವ ಮಣ್ಣಾಗಿದ್ದಳು. ಊರವರ ಮುಖಗಳನ್ನೆಲ್ಲ ತೆಗೆದು ಹೊಟ್ಟೆ ಹೊರೆಯುವವನಿಗೆ ಹೆತ್ತವಳ ಮುಖ ದಕ್ಕಲಿಲ್ಲ.

ಆ ಪಾದಗಳ ಫೋಟೋಗೆ ಕಟ್ಟು ಹಾಕಿಸಿ ವಠಾರದ ಗೋಡೆಗೆ ತೂಗುಹಾಕಿದ್ದೇನೆ. ಊರಿನಿಂದ ಬಂದವರು ನೋಡಿ, "ಮಾರಿ ಎಲ್ಲೈತೋ?" ಎನ್ನುತ್ತಾರೆ. ಮುಖ ನನ್ನ ನೆನಪಿನಿಂದಲೂ ಮಸುಕಾಗುತ್ತಿದೆ ಎಂದು ಅವರಿಗೆ ಹೇಗೆ ಹೇಳಲಿ?

ವರ್ಷದಿಂದ ಮಾತಾಡಿಸದಿದ್ದ ಪಕ್ಕದ ಮನೆಯಾಕೆ ಮೊನ್ನೆ ಬೆಂಕಿಪೊಟ್ಟಣ ಕೇಳಲು ಬಂದು ಗೋಡೆಯ ಕಡೆ ನೋಡಿದಳು.

"ಯಾರ್ದು?"

"ನಮ್ಮವ್ವಂದು."

ಆಕೆ ಮುಖದ ಮಾತೆತ್ತಲಿಲ್ಲ. ತಲೆಯಲ್ಲಿದ್ದ ಹೂವಿನ ಒಂದು ಎಸಳನ್ನು ಫೋಟೋದ ಕಟ್ಟಿಗೆ ಸಿಕ್ಕಿಸಿ, ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದಳು. ಬೆಂಗಳೂರನ್ನೇ ಕಾಣದ ಅವ್ವ ಈ ಊರಿನವಳಾದಳು. ನಾನು ಇನ್ನೂ ಆಗಿಲ್ಲ.