ಅಕ್ಕನ ಸಹಿ

ಒಂದು ಮನೆಗೆ ಕಾಗದ ಬಂದರೆ ಇಡೀ ಚಾಳಿಗೆ ಸುದ್ದಿಯಾಗುತ್ತಿದ್ದ ಕಾಲ ಅದು. ಮುಂಬಯಿಯ ವಿಲೆ ಪಾರ್ಲೆಯಲ್ಲಿ, ಸಾಲುಕೋಣೆಗಳ ನಮ್ಮ ಚಾಳಿನಲ್ಲಿ ಪೋಸ್ಟ್‌ಮನ್ ಕೆಳಗಿನ ನಲ್ಲಿಯ ಹತ್ತಿರ ನಿಂತು ಹೆಸರು ಕೂಗುತ್ತಿದ್ದ. ಆ ಹೆಸರಿನವರು ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಗ್ಯಾಲರಿಗಳಿಂದ ನಾಲ್ಕು ತಲೆ ಬಗ್ಗಿ, ಯಾವ ಊರಿನಿಂದ, ಏನು ವಿಶೇಷ ಎಂದು ವಿಚಾರಿಸಿ ಆಗಿರುತ್ತಿತ್ತು. ಗಾಳಿ ನಮ್ಮ ಕಡೆ ತಿರುಗಿದ ದಿನ ಬಿಸ್ಕತ್ತಿನ ಕಾರ್ಖಾನೆಯ ಸಿಹಿ ವಾಸನೆ. ಮಳೆಗಾಲದಲ್ಲಿ ಅದರ ಜತೆಗೆ ಒಣಗದ ಬಟ್ಟೆಗಳ ಮುಗ್ಗಲು ವಾಸನೆ. ಅಂಥ ಚಾಳಿನಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೇಳಹೊರಟಿದ್ದು ಒಂದು ಮಳೆಗಾಲದಿಂದ ಚಳಿಗಾಲದವರೆಗೆ ನಮ್ಮ ಮನೆಯಿಂದ ಹೊರಟ ಹದಿನಾಲ್ಕು ಕಾಗದಗಳ ವಿಷಯ.

ನಾನಾಗ ಕಾನ್ವೆಂಟಿನಲ್ಲಿ ಎಂಟನೇ ಇಯತ್ತೆ. ಅಕ್ಕ ನಿರ್ಮಲಾ ನನಗಿಂತ ಐದು ವರ್ಷ ದೊಡ್ಡವಳು. ಅಪ್ಪನಿಗೆ ಮುಂಬಯಿಯಲ್ಲಿ ಕಾರಕೂನಿಕೆ ಸಿಕ್ಕಾಗ, ಒಂದೂವರೆ ಕೋಣೆಯ ಮನೆಗೆ ಇಬ್ಬರು ಮಕ್ಕಳು ಹೆಚ್ಚೆಂದು ಅವಳನ್ನು ಧಾರವಾಡದಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದಿದ್ದರು. ಕನ್ನಡ ಸಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿದ ಮೇಲೆ, ಲಗ್ನಕ್ಕೆ ಬಂದ ಹುಡುಗಿ ಎಂದು ಅವಳು ನಮ್ಮಲ್ಲಿಗೆ ಬಂದಳು. ಇಂಗ್ಲಿಷನ್ನು ಅವಳು ಗಟ್ಟಿ ಮಾಡಿ ಪಾಸು ಮಾಡಿದ್ದಳು. ಪರೀಕ್ಷೆಯ ಮರುದಿನ ಅದು ಅವಳನ್ನು ಬಿಟ್ಟು ಹೋಗಿತ್ತು. ನನಗೋ ಮನೆಯಲ್ಲಿ ಆಡುವ ಕನ್ನಡ ಬಿಟ್ಟರೆ ಒಂದು ಅಕ್ಷರ ಬರುತ್ತಿರಲಿಲ್ಲ. ಒಬ್ಬರನ್ನೊಬ್ಬರು ಸರಿಯಾಗಿ ಅರಿಯದ ಇಬ್ಬರು ಹುಡುಗಿಯರು ಒಂದೇ ಚಾದರದ ಕೆಳಗೆ ಮಲಗಲು ಕಲಿತೆವು.

ದಹಿಸರಿನಿಂದ ಅವಳನ್ನು ನೋಡಲು ಬಂದರು. ಹುಡುಗ ಮಷೀನುಗಳ ಕಂಪನಿಯೊಂದರಲ್ಲಿದ್ದ, ತೆಳ್ಳಗಿದ್ದ, ಕೈಯಲ್ಲೊಂದು ಇಂಗ್ಲಿಷ್ ಪುಸ್ತಕ ಹಿಡಿದೇ ಬಂದಿದ್ದ. ಅಕ್ಕ ಉಪ್ಪಿಟ್ಟಿನ ತಾಟು ಇಟ್ಟು ತಲೆ ತಗ್ಗಿಸಿ ಕೂತಳು. ಓದುವ ಹವ್ಯಾಸ ಅದ ಏನು ಎಂದು ಅವನು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ಅಪ್ಪ, "ನಮ್ಮ ಮಕ್ಕಳಿಬ್ಬರೂ ಕಾನ್ವೆಂಟ್" ಎಂದುಬಿಟ್ಟರು. ಒಳಗೆ ಚಹಾ ಸೋಸುತ್ತಿದ್ದ ಅವ್ವನ ಕೈ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಅವಳು ಮತ್ತೆ ಸೋಸತೊಡಗಿದಳು.

ಲಗ್ನ ನಿಶ್ಚಯವಾಯಿತು. ಆದರೆ ಕಂಪನಿಯವರು ಅವನನ್ನು ಆರು ತಿಂಗಳು ಬರೋಡಾಕ್ಕೆ ಕಳಿಸುವವರಿದ್ದರು. ಹೋಗುವ ಮುನ್ನ ಅವನು ಅಪ್ಪನ ಹತ್ತಿರ ಕಾಗದ ಬರೆಯಲು ಪರವಾನಗಿ ಕೇಳಿದ. ಇಂಗ್ಲಿಷಿನಲ್ಲಿ ಬರೆದರೆ ತನ್ನ ಮನೆಯ ಹಿರಿಯರಿಗೆ ಓದಲು ಬರುವುದಿಲ್ಲ ಎಂದು ಸಣ್ಣಗೆ ನಕ್ಕ. ಅಪ್ಪನೂ ನಕ್ಕರು. ಬೇರೇನು ಮಾಡಿಯಾರು?

ಮೊದಲ ಕಾಗದ ಬಂದಾಗ ಉತ್ತರ ಬರೆಯಲು ಅಪ್ಪನೇ ಕೂತರು. ತಮ್ಮ ಪತ್ರ ತಲುಪಿದೆ, ಅದರಲ್ಲಿಯ ಮಜಕೂರನ್ನು ಗಮನಿಸಲಾಗಿದೆ, ಎಂದು ಆಫೀಸಿನ ಇಂಗ್ಲಿಷಿನಲ್ಲಿ ಶುರುವಾಯಿತು. ನಾನು ಓದಿ ನಕ್ಕುಬಿಟ್ಟೆ. ಅಪ್ಪ ಸಿಟ್ಟಾಗಲಿಲ್ಲ, ಪೆನ್ನನ್ನು ನನ್ನ ಕಡೆ ಸರಿಸಿದರು.

"ನಗೂದು ಬಿಟ್ಟು ನೀನ ನಾಕು ಸಾಲು ಬರಿ. ಸಹಿ ಅಕ್ಕ ಮಾಡ್ತಾಳ."

ಹಾಗಾಗಿ ಶನಿವಾರದ ಮಧ್ಯಾಹ್ನಗಳು ನಮ್ಮವಾದವು. ಅವ್ವ ಗ್ಯಾಲರಿಯಲ್ಲಿ ಜೋಳ ಹಸನು ಮಾಡುತ್ತ ಕೂತರೆ ನಾವಿಬ್ಬರು ಒಲೆಯ ಪಕ್ಕದ ಶಹಾಬಾದಿ ಕಲ್ಲಿನ ಫರಸಿಯ ಮೇಲೆ. ಅವಳು ತನ್ನ ಇಂಗ್ಲಿಷ್ ಸಹಿಯನ್ನು ಪಾಟಿಯ ಮೇಲೆ ಬರೆದು ಬರೆದು ಕೈಗೆ ತಂದುಕೊಂಡಳು. ಅದಕ್ಕೆ ಬದಲಾಗಿ ನನಗೆ ಕನ್ನಡ ಅಕ್ಷರ ಕಲಿಸುವೆನೆಂದಳು. ಬೆರಳನ್ನು ನೀರಿನಲ್ಲಿ ಅದ್ದಿ ಫರಸಿಯ ಮೇಲೆ ಬರೆಯುವಳು, ಅದು ಆರುವುದರೊಳಗೆ ನಾನು ಓದಬೇಕು. ಮಳೆಗಾಲವಾದ್ದರಿಂದ ಆರಲು ತಡವಾಗುತ್ತಿತ್ತು. ನಾನು ಬೇಗ ಕಲಿತೆ. ಇವತ್ತು ಇದನ್ನು ಬರೆಯುತ್ತಿರುವುದು ಆ ಅಕ್ಷರಗಳಲ್ಲೇ.

ಕಾಗದದಲ್ಲಿ ಏನು ಬರೆಯಬೇಕೆಂದು ಅಕ್ಕ ಕನ್ನಡದಲ್ಲಿ ಹೇಳುತ್ತಿದ್ದಳು.

"ಅಲ್ಲೆ ಜ್ವಾಳದ ರೊಟ್ಟಿ ಸಿಗ್ತಾವೇನ್ ಕೇಳು. ಅವರ ಅವ್ವನ ಮೊಣಕಾಲು ಹೆಂಗದಾವ ಕೇಳು. ಆಮ್ಯಾಲೆ, ದಹಿಸರಿನ ಮನಿಗೆ ಗ್ಯಾಲರಿ ಅದ ಏನು, ಒಂದು ಡಬ್ಬಿಯೊಳಗ ದುಂಡುಮಲ್ಲಿಗಿ ಹಚ್ಚಲಿಕ್ಕೆ ಬರ್ತದೇನು, ಅದನ್ನೂ ಕೇಳು."

ನನಗೆ ನಾಚಿಕೆಯಾಗುತ್ತಿತ್ತು. ಇಂಗ್ಲಿಷಿನಲ್ಲಿ, ಅದೂ ಗೆರೆ ಹಾಕಿದ ನೀಲಿ ಪ್ಯಾಡಿನ ಮೇಲೆ, ರೊಟ್ಟಿ ಮೊಣಕಾಲು ಬರೆಯುವುದೇ? ನಾನು ರೈಲಿನ ಹಳಿಗಳ ಮೇಲೆ ಬೀಳುವ ಮಳೆಯನ್ನು ಬರೆದೆ. ಚಾಳಿನ ಮಾಡಿನಿಂದ ಸಾಲಾಗಿ ಬೀಳುವ ಹನಿಗಳನ್ನು ಬರೆದೆ. ಬರೆದು ಮುಗಿಸಿ, ನೀನು ಹೇಳಿದ್ದೆಲ್ಲ ಹಾಕಿದ್ದೀನಿ ಎಂದೆ. ಅವಳು ಬಗ್ಗಿ, ನಾಲಿಗೆಯ ತುದಿ ಹಲ್ಲಿನ ನಡುವೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಸಾಲೆಯಲ್ಲಿ ನಾವು ಬರೆಯುತ್ತಿದ್ದದ್ದು ಆಕಳಿನ ಮೇಲೆ, ಮಳೆಯ ದಿನದ ಮೇಲೆ, ಸಮಯದ ಬೆಲೆಯ ಮೇಲೆ. ಸಿಸ್ಟರ್ ಕೆಂಪು ಶಾಯಿಯಲ್ಲಿ ಅಂಕ ಕೊಡುತ್ತಿದ್ದರು. ನಿನಗೇನು ಬೇಕು ಎಂದು ಅಲ್ಲಿಯೂ ಯಾರೂ ಕೇಳಲಿಲ್ಲ, ಮನೆಯಲ್ಲಿಯೂ ಕೇಳಲಿಲ್ಲ. ಬರೋಡಾದಿಂದ ಒಬ್ಬ ಮನುಷ್ಯ ಕೇಳಿದ. ಮೂರನೆಯದೋ ನಾಲ್ಕನೆಯದೋ ಕಾಗದದಲ್ಲಿ, ನಿಮ್ಮ ಮನಸ್ಸಿನಲ್ಲಿ ಇನ್ನೂ ಏನಿದೆ ಎಂದು ಬರೆದ. ಕೇಳಿದ್ದು ಅಕ್ಕನನ್ನು. ಉತ್ತರ ನನ್ನ ಹತ್ತಿರ ಸಿದ್ಧವಿತ್ತು.

ದಿನಾ ಬೆಳಿಗ್ಗೆ ಪಾರ್ಲೆ ಸ್ಟೇಷನ್ನಿನ ಸೇತುವೆಯ ಮೇಲೆ ಕಾಲೇಜಿನ ಪ್ರೊಫೆಸರ್‌ಬಾಯಿಯೊಬ್ಬರು ಎದುರಾಗುತ್ತಿದ್ದರು. ಗಂಜಿ ಹಾಕಿದ ಸೀರೆ, ಎದೆಗೊತ್ತಿ ಹಿಡಿದ ಎರಡು ದಪ್ಪ ಪುಸ್ತಕ. ಗಂಡಸರೂ ಅವರಿಗೆ ದಾರಿ ಬಿಡುತ್ತಿದ್ದರು. ನನಗೆ ಅವರಾಗಬೇಕಿತ್ತು. ಆರನೆಯ ಕಾಗದದಲ್ಲಿ ಅದನ್ನೇ ಬರೆದೆ: ನನಗೆ ಕಾಲೇಜಿಗೆ ಹೋಗಬೇಕು, ಬಿ.ಎ. ಓದಬೇಕು, ಒಂದು ದಿನ ಕ್ಲಾಸಿನಲ್ಲಿ ನಿಂತು ಕಲಿಸಬೇಕು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಅಕ್ಕ ಕೆಳಗೆ ಸಹಿ ಮಾಡಿದಳು.

ಹತ್ತು ದಿನಕ್ಕೆ ಉತ್ತರ ಬಂತು. ಉಪ್ಪಿಟ್ಟಿನ ತಾಟಿನ ಹಿಂದೆ ತಲೆ ತಗ್ಗಿಸಿ ಕೂತಿದ್ದವಳ ಒಳಗೆ ಇಂಥ ಹುಡುಗಿ ಇದ್ದಾಳೆಂದು ತಿಳಿದಿರಲಿಲ್ಲ, ಲಗ್ನವಾದ ಮೇಲೆ ನಾನೇ ಫಾರ್ಮು ತರುತ್ತೇನೆ, ಎಂದಿತ್ತು. ನನ್ನ ಕಿವಿ ಬಿಸಿಯಾದವು. ಅಕ್ಕ ಏನು ಬರೆದಾರ ಎಂದು ಕೇಳಿದಳು. ಆರಾಮ ಇದ್ದಾರಂತ, ನಿನ್ನ ಸುಖವಾಗಿ ನೋಡಿಕೋತಾರಂತ, ಎಂದೆ. "ಮಲ್ಲಿಗಿ ಬಗ್ಗೆ?" ಎಂದಳು. ಜಾಗಾ ಅದ ಅಂತ, ಎಂದೆ. ಅವಳು ಖುಷಿಯಿಂದ ಎದ್ದು ಹೋಗಿ ನನಗೆ ಹುರಿದ ಶೇಂಗಾ, ಬೆಲ್ಲ ತಂದುಕೊಟ್ಟಳು. ಅದನ್ನು ನಾನು ತಿಂದೆ.

ಚಳಿಗಾಲದಲ್ಲಿ ಲಗ್ನವಾಯಿತು. ದಹಿಸರಿನ ಮನೆಗೆ ಗ್ಯಾಲರಿ ಇರಲಿಲ್ಲ.

ಜೂನಿನಲ್ಲಿ ಭಾವ ಕೊಟ್ಟ ಮಾತಿನಂತೆ ಪಾರ್ಲೆಯ ಕಾಲೇಜಿನ ಫಾರ್ಮು ತಂದ, ತಾನೇ ತುಂಬಿದ. ಅವನಿಗೆ ಅವಳನ್ನು ಓದಿಸುವ ಹೌಸು ಎಂದು ಅಕ್ಕ ತಿಳಿದಳು. ಅದು ಅವಳದೇ ಆಸೆ ಎಂದು ಅವನು ತಿಳಿದಿದ್ದ. ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಒಂದು ವಾರ ಕ್ಲಾಸಿನಲ್ಲಿ ಕೂತಳು. ಆಮೇಲೆ ದಹಿಸರಿನಲ್ಲಿ ಬೆಳಗಿನ ಲೋಕಲ್ ಹತ್ತಿ, ಪಾರ್ಲೆಯಲ್ಲಿ ಇಳಿದು, ಕಾಲೇಜಿಗೆ ಹೋಗದೆ ನೆಟ್ಟಗೆ ನಮ್ಮ ಮನೆಗೆ ಬರತೊಡಗಿದಳು. ನೋಟ್‌ಬುಕ್ಕನ್ನು ಗೂಡಿನಲ್ಲಿಟ್ಟು ಅವ್ವನ ಜತೆ ಪಲ್ಯದ ಸೊಪ್ಪು ಹಸನು ಮಾಡುವಳು, ಮಧ್ಯಾಹ್ನ ಮತ್ತೆ ನೋಟ್‌ಬುಕ್ಕು ಹಿಡಿದು ಹೊರಡುವಳು. ಅವ್ವ ಅವಳಿಗೂ ಸೇರಿಸಿ ರೊಟ್ಟಿ ಬಡಿಯತೊಡಗಿದಳು. ಸಾಲೆಯಿಂದ ಬಂದಾಗ ಬಾಗಿಲಲ್ಲಿ ಅವಳ ಚಪ್ಪಲಿ ಕಂಡರೆ ಯಾರ ಕಣ್ಣಿಗೂ ಬೀಳದ ಹಾಗೆ ಒಳಗೆ ಸರಿಸಿಬಿಡುತ್ತಿದ್ದೆ.

ಜುಲೈಯ ಒಂದು ಶನಿವಾರ ಜಡಿ ಮಳೆ. ಭಾವ ಅರ್ಧ ದಿನ ರಜೆ ಹಾಕಿ, ಅಕ್ಕ ನೆನೆಯಬಾರದೆಂದು ಕೊಡೆ ಹಿಡಿದು ಕಾಲೇಜಿನ ಗೇಟಿಗೆ ಹೋಗಿದ್ದ. ಹುಡುಗಿಯರೆಲ್ಲ ಹೊರಗೆ ಬಂದರು, ಅವಳು ಬರಲಿಲ್ಲ. ಒಳಗೆ ಹೋಗಿ ವಿಚಾರಿಸಿದರೆ, ಆ ಹೆಸರಿನವಳು ಕ್ಲಾಸಿಗೆ ಬರದೆ ತಿಂಗಳಾಯಿತು ಎಂದರಂತೆ. ಅಲ್ಲಿಂದ ನಮ್ಮ ಮನೆಗೆ ಬಂದ.

ಅಕ್ಕ ಮೆಂತೆಯ ಎಲೆ ಬಿಡಿಸುತ್ತ ಕೂತಿದ್ದಳು. ನಾನು ಆಗತಾನೆ ಸಾಲೆಯಿಂದ ಬಂದಿದ್ದೆ, ಪಾಟಿಚೀಲ ಹೆಗಲ ಮೇಲೇ ಇತ್ತು. ಅವನ ಕೊಡೆಯಿಂದ ನೀರು ಫರಸಿಯ ಮೇಲೆ ಹರಿದು ನನ್ನ ಬೂಟಿನ ತನಕ ಬಂತು. ಅವನು ಕೂಗಾಡಲಿಲ್ಲ. ಪಾಕೀಟಿನಿಂದ ಮಡಚಿ ಮಡಚಿ ಸವೆದ ನೀಲಿ ಕಾಗದವೊಂದನ್ನು ತೆಗೆದ. ದೂರದಿಂದಲೇ ನನಗೆ ಗುರುತು ಸಿಕ್ಕಿತು. ಆರನೆಯದು.

"ಇದನ್ನ ಓದು. ನೀನ ಬರದದ್ದು."

ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ತುಟಿಗಳು ಅಲುಗಿದವು, ನಿಂತವು. ಆಮೇಲೆ ಬೆರಳನ್ನು ಕೆಳಗಿನ ತುದಿಗೆ ಇಟ್ಟು ಹೇಳಿದಳು:

"ಸಹಿ ನಂದ ಅದ."

ಆಗ ಅವನು ನನ್ನ ಕಡೆ ತಿರುಗಿದ. ಟೈ, ಬಿಳಿ ಬ್ಲೌಸು, ಬೆರಳ ಮೇಲಿನ ಶಾಯಿ ಎಲ್ಲ ನೋಡಿದ. ಇದನ್ನು ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ: ಅಷ್ಟು ಹೆದರಿಕೆಯಲ್ಲೂ ನನ್ನ ಒಳಗೊಂದು ಮೂಲೆ ಅವನು ಹೊಗಳಲಿ ಎಂದು ಕಾಯುತ್ತಿತ್ತು. ನೀನೇನು ಬರೆದದ್ದು, ಎಷ್ಟು ಛಂದ ಬರೆದೀ, ಎಂದಾನು ಎಂದು. ಅವನು ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಪಾಕೀಟಿಗೆ ಹಾಕಿ, ಕೆಳಗೆ ಇರ್ತೀನಿ ಎಂದು ಇಳಿದು ಹೋದ.

ಅಕ್ಕ ಬಿಡಿಸಿದ ಎಲೆಗಳನ್ನು ಬುಟ್ಟಿಗೆ ಹಾಕಿದಳು, ಕಡ್ಡಿಗಳನ್ನು ಒಟ್ಟು ಮಾಡಿದಳು.

"ನಾ ಹೇಳಿದ್ದು ಒಂದರೆ ಬರದಿದ್ದೇನ, ತಂಗಿ?"

ನಾನು ತಲೆ ಅಲ್ಲಾಡಿಸಿದೆ, ಇಲ್ಲವೆಂದು. ಅವಳು ಚಪ್ಪಲಿ ಮೆಟ್ಟಿ ಹೋದಳು. ನೋಟ್‌ಬುಕ್ಕು ಗೂಡಿನಲ್ಲೇ ಉಳಿಯಿತು; ಖಾಲಿ ಹಾಳೆಗಳನ್ನು ಮುಂದೆ ಅವ್ವ ಹಾಲಿನ ಲೆಕ್ಕಕ್ಕೆ ಉಪಯೋಗಿಸಿದಳು.

ಭಾವ ಅವಳನ್ನು ಬಿಡಲಿಲ್ಲ, ಬಯ್ಯಲಿಲ್ಲ. ಅದು ನಮ್ಮ ಪುಣ್ಯವೆಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮುಂದೆ ಮೂವತ್ತು ವರ್ಷ ಅವನು ಅವಳೊಂದಿಗೆ ಸಾಮಾನು, ಕರೆಂಟಿನ ಬಿಲ್ಲು, ಮಕ್ಕಳ ಜ್ವರ ಇಷ್ಟನ್ನು ಮಾತಾಡಿದ. ನನ್ನೊಂದಿಗೆ ಅಷ್ಟೂ ಇಲ್ಲ. ಕಾಗದಗಳನ್ನು ಮಾತ್ರ ಕಪಾಟಿನಲ್ಲಿ, ಡಾಂಬರುಗುಳಿಗೆ ಹಾಕಿ ಇಟ್ಟಿದ್ದ. ಅದು ಅಕ್ಕನಿಗೆ ಗೊತ್ತಿತ್ತು. ದಿನಾ ಅವನ ಅಂಗಿಗಳನ್ನು ಅದೇ ಕಪಾಟಿನಲ್ಲಿ ಇಡುತ್ತಿದ್ದವಳು ಅವಳೇ.

ನಾನು ಮ್ಯಾಟ್ರಿಕ್ ಮುಗಿಸಿದಾಗ ಸಿಸ್ಟರ್ ಅಪ್ಪನನ್ನು ಕರೆಸಿ, ಈ ಹುಡುಗಿಯನ್ನು ಕಾಲೇಜಿಗೆ ಕಳಿಸಿರಿ ಎಂದರು. ಅಪ್ಪ ಅಲ್ಲಿ ತಲೆಯಾಡಿಸಿ, ಮನೆಗೆ ಬಂದು, ನಿನ್ನ ಬರವಣಿಗಿಯಿಂದ ಒಂದು ಸಂಸಾರ ಸುಟ್ಟದ್ದು ಸಾಕು ಎಂದರು. ಮೊದಲು ಪೆನ್ನು ಸರಿಸಿದ್ದು ಯಾರ ಕೈ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ನನ್ನನ್ನು ನೋಡಲು ಬಂದವರು ಮುಂದೆ ಓದುವ ಇಚ್ಛೆ ಇದೆಯೇ ಎಂದು ಕೇಳಿದರು, ಪಾಪ, ಒಳ್ಳೆಯ ಜನ. ಇಲ್ಲ, ಕಸೂತಿ ಬರ್ತದ, ಎಂದೆ. ಆ ಹದಿನಾಲ್ಕು ಬಿಟ್ಟರೆ ಇವತ್ತಿನವರೆಗೆ ನಾನು ಬೇರೇನೂ ಬರೆಯಲಿಲ್ಲ. ಸಾಮಾನಿನ ಚೀಟಿ, ಮಕ್ಕಳ ರಜೆಚೀಟಿ ಬರೆದದ್ದನ್ನು ಬರೆದದ್ದೆನ್ನುವುದಾದರೆ ಬೇರೆ ಮಾತು.

ಈಗ ಆ ಚಾಳು ಇಲ್ಲ, ಅಲ್ಲೊಂದು ಏಳು ಮಾಳಿಗೆಯ ಬಿಲ್ಡಿಂಗ್ ಇದೆ. ಬಿಸ್ಕತ್ತಿನ ವಾಸನೆ ಇಲ್ಲ. ಕಾಗದ ಎಂದರೆ ಬ್ಯಾಂಕಿನದು. ಇವನ್ನೆಲ್ಲ ಕಳೆದುಕೊಂಡೆವೆಂದು ನನ್ನ ವಯಸ್ಸಿನವರು ಹಳಹಳಿಸುವಾಗ ನಾನು ಎದ್ದು ಚಹಾಕ್ಕೆ ಇಡುತ್ತೇನೆ.

ಭಾವ ತೀರಿಕೊಂಡ ವರ್ಷ, ದೀಪಾವಳಿ ಆದ ಮೇಲೆ, ಅಕ್ಕ ಒಬ್ಬಳೇ ನಮ್ಮ ಮನೆಗೆ ಬಂದಳು. ಚಹಾ ಕುಡಿದಳು. ನಮ್ಮ ಮನೆಯವರ ಶುಗರ್ ವಿಚಾರಿಸಿದಳು. ಹೊರಡುವಾಗ ಹಳೆಯ ಖಣದಲ್ಲಿ ಸುತ್ತಿದ ಕಟ್ಟೊಂದನ್ನು ಟೀಪಾಯಿಯ ಮೇಲಿಟ್ಟಳು.

"ನಿನ್ನವು. ನಾ ಎಷ್ಟು ದಿವಸ ಕಾಯಲಿ?"

ಅವಳು ಹೋದ ಮೇಲೆ ಬಿಚ್ಚಿದೆ. ಡಾಂಬರುಗುಳಿಗೆಯ ವಾಸನೆ. ಮೇಲಿನದನ್ನು ತೆಗೆದು ಮೊದಲ ಸಾಲಿನಿಂದ ಓದಿದೆ. ಹಳಿಗಳ ಮೇಲೆ ಬೀಳುವ ಮಳೆ, ಮಾಡಿನ ಹನಿಗಳು. ಹದಿಮೂರು ವರ್ಷದ ಹುಡುಗಿ ಛಂದವೇ ಬರೆದಿದ್ದಳು. ರೊಟ್ಟಿ ಇರಲಿಲ್ಲ, ಮೊಣಕಾಲು ಇರಲಿಲ್ಲ, ಮಲ್ಲಿಗೆ ಇರಲಿಲ್ಲ. ಓದುತ್ತ ತಳಕ್ಕೆ ಬಂದಾಗ ಕಾಗದ ಅಲ್ಲಿಗೇ ಮುಗಿಯಿತು. ಎರಡನೆಯದನ್ನು ತೆಗೆದೆ, ಮೂರನೆಯದನ್ನು. ಹದಿನಾಲ್ಕನ್ನೂ ಮಂಚದ ಮೇಲೆ ಹರಡಿದೆ. ಪ್ರತಿಯೊಂದರ ಕೆಳಗೂ ಸಣ್ಣ ಕತ್ತರಿಯಿಂದ, ಗೆರೆ ತಪ್ಪದ ಹಾಗೆ, ಅಕ್ಕ ತನ್ನ ಸಹಿಯನ್ನು ಕತ್ತರಿಸಿ ತೆಗೆದುಕೊಂಡಿದ್ದಳು.